ಭೂಕಂಪದ ಮೇಲೆ ಗೂಬೆ ಕೂರಿಸಬೇಡಿ

ಸಾಫ್ಟ್‌ವೇರ್ ಕಂಪನಿಯಲ್ಲಿ ಎರಡು ವರ್ಷ ಕೆಲಸ ಮಾಡಿದವರಿಗೆಲ್ಲ ಈ ದೃಶ್ಯ ಗೊತ್ತು. ರಾತ್ರಿ ಸರ್ವರ್ ಮಲಗಿರುತ್ತದೆ. ಬೆಳಿಗ್ಗೆ ಮ್ಯಾನೇಜರ್ ಎಲ್ಲರನ್ನೂ ಕಾಲ್‌ಗೆ ಎಳೆದು ‘ಏನಾಯ್ತು’ ಅಂತ ಕೇಳುತ್ತಾರೆ. ಐದು ಸೆಕೆಂಡ್ ಮೌನ. ಆಮೇಲೆ ಯಾರೋ ಒಬ್ಬ ಮ್ಯೂಟ್ ತೆಗೆದು ಹೇಳುತ್ತಾನೆ, ‘ನೆಟ್‌ವರ್ಕ್ ಇಶ್ಯೂ ಇರಬೇಕು’. ಎಲ್ಲರಿಗೂ ಸಮಾಧಾನ. ಯಾಕೆಂದರೆ ನೆಟ್‌ವರ್ಕ್‌ಗೆ ಅಪ್ರೈಸಲ್ ಇಲ್ಲ, ಇಎಂಐ ಇಲ್ಲ, ಅದು ಎದುರು ಮಾತಾಡುವುದೂ ಇಲ್ಲ. ಹಿಂದಿನ ಸಂಜೆ ಐದೂವರೆಗೆ ಟೆಸ್ಟ್ ಮಾಡದೆ ಕೋಡ್ ತಳ್ಳಿ ಮನೆಗೆ ಹೋದವನು ಮಾತ್ರ ಸುಮ್ಮನೆ ಕೂತಿರುತ್ತಾನೆ.

ನಮ್ಮ ಘಟ್ಟದಲ್ಲಿ ಗುಡ್ಡ ಜರಿದಾಗಲೆಲ್ಲ ಈ ‘ನೆಟ್‌ವರ್ಕ್ ಇಶ್ಯೂ’ ಹೆಸರು ಭೂಕಂಪ.

ಪ್ರತಿ ಮಳೆಗಾಲಕ್ಕೂ ನನ್ನ ಫೋನಿಗೆ ಈ ಫಾರ್ವರ್ಡ್ ಬರುತ್ತದೆ. ನಾನು ಬಾಡಿಗೆಗೆ ಇರುವ ಮಣಿಪಾಲದ ಅಪಾರ್ಟ್‌ಮೆಂಟಿನ ಗ್ರೂಪಿನಿಂದ ಬರುತ್ತದೆ, ಇಂಜಿನಿಯರಿಂಗ್ ಕ್ಲಾಸ್‌ಮೇಟ್‌ಗಳ ಗ್ರೂಪಿನಿಂದ ಬರುತ್ತದೆ, ಚಿಕ್ಕಮ್ಮನಿಂದಲೂ ಬರುತ್ತದೆ. ‘ಒಳಗಡೆ ಭೂಮಿ ನಡುಗಿದೆ, ಹಾಗಾಗಿ ಗುಡ್ಡ ಕುಸಿದಿದೆ, ಸರಕಾರ ಮುಚ್ಚಿಡುತ್ತಿದೆ.’ ಕೆಳಗೆ ಕೈಮುಗಿದ ನಾಲ್ಕು ಇಮೋಜಿ. ಬಿಇ ಓದಿದವರು, ಎಂಟೆಕ್ ಓದಿದವರು, ಅಮೆರಿಕಾದಲ್ಲಿ ಕೂತವರು ಎಲ್ಲ ಸೇರಿ ಅದನ್ನು ಮುಂದಕ್ಕೆ ದೂಡುತ್ತಾರೆ. ನನ್ನ ತಕರಾರು ಇರುವುದು ಇವರ ಜೊತೆ. ಚಿಕ್ಕಮ್ಮನ ಜೊತೆ ಅಲ್ಲ.

ಈ ಮಾತಿಗೆ ದೊಡ್ಡ ಬಲ ಬಂದದ್ದು 2018ರಲ್ಲಿ. ಆ ವರ್ಷ ಜುಲೈ 9ರಂದು ಕೊಡಗಿನಲ್ಲಿ ಭೂಮಿ ನಡುಗಿದ್ದು ನಿಜ. ರಿಕ್ಟರ್ ಮಾಪಕದಲ್ಲಿ 3.4 ಅಂತ ದಾಖಲಾಯಿತು. ಆಗಸ್ಟ್ 15 ಕಳೆದದ್ದೇ ಎಡೆಬಿಡದ ಮಳೆ ಹಿಡಿದು, ಜೋಡುಪಾಲ, ಮದೆನಾಡು, ಮೊಣ್ಣಂಗೇರಿ, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ ಅಂತ ಒಂದಾದ ಮೇಲೊಂದು ಊರಿನ ಹೆಸರು ಟಿವಿಯಲ್ಲಿ ಬರತೊಡಗಿತು. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಹೆದ್ದಾರಿ ತುಂಡಾಯಿತು. ಒಂದು ಮನೆ ಗುಡ್ಡದ ಮೇಲಿಂದ ಹಾಗೇ ಜಾರಿ ಕೆಳಗೆ ಬೀಳುವ ವಿಡಿಯೊ ನೀವೆಲ್ಲ ನೋಡಿದ್ದೀರಿ. ಜನ ಎರಡನ್ನೂ ಸೇರಿಸಿದರು. ಮೊದಲು ನಡುಗಿತು, ಆಮೇಲೆ ಕುಸಿಯಿತು, ಅಂದರೆ ನಡುಗಿದ್ದಕ್ಕೇ ಕುಸಿಯಿತು.

ಸ್ವಲ್ಪ ಲೆಕ್ಕ ಮಾಡೋಣ. ನಾವೆಲ್ಲ ಲೆಕ್ಕದಲ್ಲಿ ಪಾಸಾಗಿಯೇ ಈ ಕುರ್ಚಿಯಲ್ಲಿ ಕೂತದ್ದಲ್ಲವಾ.

ಜುಲೈ 9ಕ್ಕೂ ಆಗಸ್ಟ್ 16ಕ್ಕೂ ನಡುವೆ 38 ದಿನ. ಭೂಕಂಪ ಬೀಳಿಸುವ ಗುಡ್ಡ ಹೆಚ್ಚಾಗಿ ನಡುಗುವಾಗಲೇ, ಇಲ್ಲವೇ ನಡುಗಿದ ಸ್ವಲ್ಪ ಹೊತ್ತಿನಲ್ಲಿ ಬೀಳುತ್ತದೆ. ಒಂದು ತಿಂಗಳು ಎಂಟು ದಿನ ಕಾದು, ಸರಿಯಾಗಿ ಮಳೆ ಜೋರಾದ ದಿನ ನೋಡಿಕೊಂಡು ಬೀಳುವುದಿಲ್ಲ. ಇನ್ನು 3.4ರ ವಿಷಯ. ಈ ಮಾಪಕದಲ್ಲಿ ಒಂದು ಅಂಕೆ ಏರಿದರೆ ಶಕ್ತಿ ಸುಮಾರು 32 ಪಟ್ಟು ಏರುತ್ತದೆ. 2015ರ ಏಪ್ರಿಲ್ 25ರಂದು ನೇಪಾಳದಲ್ಲಿ ಆದದ್ದು 7.8. ಎರಡರ ನಡುವಿನ ವ್ಯತ್ಯಾಸ 4.4 ಅಂಕೆ. ಕ್ಯಾಲ್ಕ್ಯುಲೇಟರ್ ತೆಗೆದು ಹತ್ತರ ಘಾತ 6.6 ಒತ್ತಿ ನೋಡಿ, ಸುಮಾರು 40 ಲಕ್ಷ ಬರುತ್ತದೆ. ಅಂದರೆ ಕೊಡಗಿನ ಆ ನಡುಕದಂಥವು 40 ಲಕ್ಷ ಸೇರಿದರೆ ಒಂದು ನೇಪಾಳ.

ಅಮೆರಿಕಾದ ಭೂವೈಜ್ಞಾನಿಕ ಇಲಾಖೆಯ ಡೇವಿಡ್ ಕೀಫರ್ ಅನ್ನುವವರು 1984ರಲ್ಲೇ 40 ಹಳೆಯ ಭೂಕಂಪಗಳನ್ನು ತೆಗೆದುಕೊಂಡು, ಎಷ್ಟು ದೊಡ್ಡ ಭೂಕಂಪ ಯಾವ ಥರದ ಕುಸಿತ ಮಾಡುತ್ತದೆ ಅಂತ ಅಧ್ಯಯನ ಮಾಡಿದ್ದರು. ಅವರ ಪಟ್ಟಿಯಲ್ಲಿ ಅತಿ ಸಣ್ಣ ಕುಸಿತಕ್ಕೂ, ಅಂದರೆ ಇಳಿಜಾರಿನಿಂದ ಕಲ್ಲು ಉರುಳುವುದಕ್ಕೂ, ಕಡಿಮೆ ಎಂದರೆ ಸುಮಾರು 4 ಬೇಕು. ಕೊಡಗಿನದ್ದು ಅದಕ್ಕಿಂತ ಎಂಟು ಪಟ್ಟು ಸಣ್ಣದು.

ಭೂಕಂಪ ಗುಡ್ಡ ಬೀಳಿಸುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಬೀಳಿಸುತ್ತದೆ, ಅದೂ ನಮಗೆ ಊಹೆಗೂ ನಿಲುಕದ ಹಾಗೆ. ನೇಪಾಳದ ಆ ಭೂಕಂಪದಲ್ಲಿ ಲಾಂಗ್‌ಟಾಂಗ್ ಎಂಬ ಹಳ್ಳಿಯ ಮೇಲೆ ಬೆಟ್ಟದ ಹಿಮ, ಕಲ್ಲು ಎಲ್ಲ ಒಟ್ಟಿಗೆ ಬಂದು ಊರು ಹೆಚ್ಚುಕಡಿಮೆ ಪೂರ್ತಿ ಹೂತುಹೋಯಿತು. ಚೀನಾದ ವೆಂಚುವಾನ್‌ನಲ್ಲಿ 2008ರ ಮೇ 12ರಂದು 7.9ರ ಭೂಕಂಪ ಆದಾಗ ಹತ್ತಾರು ಸಾವಿರ ಕಡೆ ಗುಡ್ಡ ಕುಸಿದವು. ಬರೀ ಕುಸಿತದಲ್ಲೇ ಸುಮಾರು 20,000 ಜನ ಸತ್ತರು ಅಂತ ಅಂದಾಜು. ತಾಂಗ್‌ಜಿಯಾಶಾನ್ ಎನ್ನುವಲ್ಲಿ ಕುಸಿದ ಬೆಟ್ಟ ನದಿಗೆ ಅಡ್ಡ ಬಿದ್ದು ಅಣೆಕಟ್ಟಾಯಿತು, ಅದು ಒಡೆದು ಕೆಳಗಿನ ಊರುಗಳು ಕೊಚ್ಚಿಹೋಗದಂತೆ ಸೈನ್ಯ ಬಂದು ಕಾಲುವೆ ತೋಡಬೇಕಾಯಿತು. ಅಂಥ ಭೂಕಂಪ ಆದ ಮೇಲೆ ಬೆಟ್ಟ ವರ್ಷಗಟ್ಟಲೆ ಸಡಿಲವಾಗಿಯೇ ಇರುತ್ತದೆ, ಪ್ರತಿ ಮಳೆಗೂ ಮತ್ತೆ ಮತ್ತೆ ಕೆಳಗೆ ಬರುತ್ತದೆ.

ಕೊಡಗಿನ ದುರಂತ ಆಗಿ ಮೂರು ವಾರಕ್ಕೆ, 2018ರ ಸೆಪ್ಟೆಂಬರ್ 6ರಂದು, ಜಪಾನಿನ ಹೊಕ್ಕೈಡೊದಲ್ಲಿ 6.6ರ ಭೂಕಂಪ ಆಯಿತು. ಆತ್ಸುಮ ಎಂಬ ಸಣ್ಣ ಪಟ್ಟಣದ ಸುತ್ತಲಿನ ಫೋಟೊ ಹುಡುಕಿ ನೋಡಿ. ಹಸಿರು ಬೆಟ್ಟಗಳ ಚರ್ಮ ಸುಲಿದ ಹಾಗೆ ಕಾಣುತ್ತದೆ, ಸಾವಿರಾರು ಕಡೆ, ಎಲ್ಲ ಒಂದೇ ಬೆಳಗಿನ ಜಾವ. ಅಲ್ಲಿ ಯಾರೂ ಕಡಿಯದ ಗುಡ್ಡಗಳೂ ಬಿದ್ದವು. ಅದು ನಿಜವಾದ ಭೂಕಂಪದ ಗುರುತು. ರಸ್ತೆ, ಮನೆ, ತೋಟ, ಕಾಡು ಅಂತ ನೋಡದೆ ಎಲ್ಲವನ್ನೂ ಬೀಳಿಸುತ್ತದೆ.

ಕೊಡಗಿನಲ್ಲಿ ಹಾಗಾಯಿತಾ? ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು, ಜಿಎಸ್‌ಐನವರು, ಬಂದು ನೂರಕ್ಕೂ ಹೆಚ್ಚು ಕಡೆ ಕುಸಿದ ಜಾಗಗಳನ್ನು ನೋಡಿದರು. ಅವರ ವರದಿ ಬೆರಳು ತೋರಿಸಿದ್ದು ಹೆಚ್ಚಾಗಿ ಮನುಷ್ಯರ ಕೆಲಸದ ಕಡೆಗೆ. ರಸ್ತೆಗೆ ಅಂತ, ಮನೆಗೆ ಅಂತ, ಹೋಂಸ್ಟೇಗೆ ಅಂತ ಗೋಡೆಯ ಹಾಗೆ ನೆಟ್ಟಗೆ ಕಡಿದ ಇಳಿಜಾರು, ನೀರು ಹೋಗಲು ದಾರಿ ಇಲ್ಲದ ತೋಟ. ಗುಡ್ಡ ಬಿದ್ದದ್ದು ನಾವು ಕೈ ಹಾಕಿದ ಕಡೆಯೇ ಹೆಚ್ಚು. ಹೋಂಸ್ಟೇ ಅಂದೆನಲ್ಲ, ಅದರಲ್ಲಿ ವೀಕೆಂಡ್ ಬುಕ್ ಮಾಡಿದವರು ಯಾರು? ‘ವ್ಯೂ ಚೆನ್ನಾಗಿದೆ’ ಅಂತ ಐದು ಸ್ಟಾರ್ ಕೊಟ್ಟವರು ಯಾರು? ನಾನೂ ಕೊಟ್ಟಿದ್ದೇನೆ. ಮಡಿಕೇರಿ ಹತ್ತಿರದ ಒಂದು ಜಾಗಕ್ಕೆ, 2016ರಲ್ಲಿ, ಟೀಮ್ ಔಟಿಂಗ್.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದನ್ನು ಹಾರಿಸಿ ಹೋಗುವುದು ಸರಿಯಲ್ಲ. ಸಣ್ಣ ನಡುಕವೂ ಈಗಾಗಲೇ ಬೀಳಲು ತಯಾರಾಗಿ ನಿಂತ ಗುಡ್ಡದಲ್ಲಿ ಬಿರುಕು ಮೂಡಿಸಲಾರದಾ? ಮೂಡಿಸಬಹುದು, ಆ ಬಿರುಕಿನಲ್ಲಿ ಆಮೇಲೆ ಮಳೆ ನೀರು ಇಳಿಯಲೂಬಹುದು. ಹಾಗಾದರೆ ನಾನು ಕೇಳುತ್ತೇನೆ, ಆ ಗುಡ್ಡ ಅಷ್ಟು ತಯಾರಾಗಿ ನಿಂತದ್ದು ಹೇಗೆ? ಲಾರಿ ಹೋದರೂ ಬೀಳುವಷ್ಟು ಸಡಿಲ ಮಾಡಿಟ್ಟು, ಲಾರಿಯ ಮೇಲೆ ಕೇಸು ಹಾಕಿದರೆ ಆಯಿತಾ? ಇನ್ನೂ ಒಂದು ವಿಷಯ ಉಂಟು. ನಡುಕಕ್ಕೇ ಬಿರುಕು ಬಿಟ್ಟಿತು ಅಂತ ನಿಜವಾಗಿ ನಂಬಿದ್ದರೆ ಆ 38 ದಿನದಲ್ಲಿ ಗುಡ್ಡ ಹತ್ತಿ ಬಿರುಕು ಹುಡುಕಬೇಕಿತ್ತು. ಹುಡುಕಿದ ಒಬ್ಬರೂ ನನಗೆ ಸಿಕ್ಕಿಲ್ಲ. ಬಿದ್ದ ಮೇಲೆ ನೆನಪಾಗುವ ಭೂಕಂಪ ಇದು.

2022ರ ಜೂನ್ ಕೊನೆಯಲ್ಲಿ ಚೆಂಬು, ಸಂಪಾಜೆ, ಸುಳ್ಯದ ಕಡೆ ಮತ್ತೆ ಮತ್ತೆ ಭೂಮಿ ಅಲುಗಿತು. ಜೂನ್ 28ರ ಬೆಳಗಿನದ್ದು 3.0. ಅಲ್ಲಿಯವರ ಭಯವನ್ನು ತಮಾಷೆ ಮಾಡುವಷ್ಟು ನಾನು ಕೆಟ್ಟಿಲ್ಲ. ಪಾತ್ರೆ ಗಲಗಲ ಅಂದು, ಕಾಲ ಕೆಳಗೆ ದಡದಡ ಶಬ್ದ ಬಂದರೆ, ನಾಲ್ಕು ವರ್ಷದ ಹಿಂದೆ ಪಕ್ಕದ ಊರು ಹೋದದ್ದನ್ನು ನೋಡಿದವರು ಮಳೆಯಲ್ಲೇ ಹೊರಗೆ ಓಡುತ್ತಾರೆ. ಯಾರಾದರೂ ಓಡುತ್ತಾರೆ. ಅದಾಗಿ ಐದು ವಾರಕ್ಕೆ, ಆಗಸ್ಟ್ 1ರ ರಾತ್ರಿ, ಸುಬ್ರಹ್ಮಣ್ಯದಲ್ಲಿ ಭಾರೀ ಮಳೆಗೆ ಮನೆಯ ಮೇಲೆ ಗುಡ್ಡ ಬಿದ್ದು ಇಬ್ಬರು ಪುಟ್ಟ ಹುಡುಗಿಯರು ಹೋದರು. ಮರುದಿನ ಭಟ್ಕಳದ ಮುಟ್ಟಳ್ಳಿಯಲ್ಲಿ ಒಂದೇ ಮನೆಯ ನಾಲ್ವರು. ಮುಟ್ಟಳ್ಳಿ ಎಲ್ಲಿ, ಚೆಂಬು ಎಲ್ಲಿ? ಎರಡು ಊರಿಗೂ ಸಮನಾಗಿದ್ದದ್ದು ಮಳೆ ಮತ್ತು ಮನೆಯ ಹಿಂದಿನ ಗುಡ್ಡ.

2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಇನ್ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ಹತ್ತು ದಿನ ಕಳೆದು ಅದೇ ಜಿಲ್ಲೆಯ ಕೆಲವು ಊರುಗಳಲ್ಲಿ ನೆಲದೊಳಗಿಂದ ಶಬ್ದ ಕೇಳಿ ಜನ ಗಾಬರಿಯಾದರು. ರಾಷ್ಟ್ರೀಯ ಭೂಕಂಪ ಕೇಂದ್ರದವರು ನೋಡಿ, ತಮ್ಮ ಯಂತ್ರಗಳಲ್ಲಿ ಯಾವ ಭೂಕಂಪವೂ ದಾಖಲಾಗಿಲ್ಲ ಅಂದರು. ಅಷ್ಟರಲ್ಲಿ ನಮ್ಮ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ‘ವಯನಾಡ್ ಅರ್ಥ್‌ಕ್ವೇಕ್ ಕನ್ಫರ್ಮ್ಡ್’ ಅಂತ ಮೂರು ಸಲ ಬಂದಾಗಿತ್ತು. ಸುಳ್ಳು ಅಂತ ಗೊತ್ತಾದ ಮೇಲೆ ಅಳಿಸಿದವರು ಸೊನ್ನೆ.

ಈಗ ಮಣಿಪಾಲಕ್ಕೆ ಬನ್ನಿ. ಮಣ್ಣಪಳ್ಳ ಎನ್ನುವ ಕೆರೆಯಿಂದ ಈ ಊರಿಗೆ ಹೆಸರು ಬಂತು ಅಂತ ಹೇಳುತ್ತಾರೆ, ಮಣ್ಣಿನ ಪಳ್ಳ. 1953ರಲ್ಲಿ ಡಾ. ಟಿ.ಎಂ.ಎ. ಪೈ ಇಲ್ಲಿ ಮೆಡಿಕಲ್ ಕಾಲೇಜು ಶುರು ಮಾಡುವಾಗ ಇದು ಬೋಳು ಗುಡ್ಡ. ಇವತ್ತು ಗುಡ್ಡ ಕಾಣುವುದಿಲ್ಲ, ಗುಡ್ಡದ ಮೇಲಿನ ಕಟ್ಟಡ ಕಾಣುತ್ತದೆ. ಎಂಡ್ ಪಾಯಿಂಟ್‌ಗೆ ಹೋಗಿ ಕೆಳಗೆ ಸ್ವರ್ಣಾ ನದಿ ನೋಡಿ ಸೆಲ್ಫಿ ತೆಗೆದವರಿಗೆ ತಾವು ಎಷ್ಟು ಎತ್ತರದ ಅಂಚಿನಲ್ಲಿ ನಿಂತಿದ್ದೇವೆ ಅಂತ ಗೊತ್ತಿರಬೇಕು. ಮೇಲೆ ಸಮತಟ್ಟು ಜಾಗ ಮುಗಿದ ಮೇಲೆ ಈಗ ಎಲ್ಲರ ಕಣ್ಣು ಇಳಿಜಾರಿನ ಮೇಲೆ. ವ್ಯಾಲಿ ವ್ಯೂ, ರಿವರ್ ವ್ಯೂ, ಹಿಲ್ ವ್ಯೂ. ಬ್ರೋಷರಿನಲ್ಲಿ ಬಾಲ್ಕನಿಯ ಮುಂದಿನ ಫೋಟೊ ಇರುತ್ತದೆ. ಕಟ್ಟಡದ ಹಿಂದೆ ಎಷ್ಟು ಅಡಿ ಗುಡ್ಡ ಕಡಿದಿದ್ದಾರೆ ಅನ್ನುವ ಫೋಟೊ ನಾನು ಒಂದು ಬ್ರೋಷರಿನಲ್ಲೂ ನೋಡಿಲ್ಲ.

ಕರಾವಳಿಯ ಗುಡ್ಡದ ಒಳಗೆ ಏನಿದೆ ಅಂತ ಬಾವಿ ತೋಡುವ ಯಾರನ್ನು ಕೇಳಿದರೂ ಹೇಳುತ್ತಾರೆ. ಮೇಲೆ ಮುರಕಲ್ಲು. ಗಟ್ಟಿ, ಕೆಂಪು, ಕಡಿದು ಮನೆ ಕಟ್ಟುತ್ತೇವೆ. ಆದರೆ ಅದರ ತುಂಬ ತೂತು, ನೀರು ಸಲೀಸಾಗಿ ಇಳಿಯುತ್ತದೆ. ಅದರ ಕೆಳಗೆ ಶೇಡಿ ಮಣ್ಣು. ಬಿಳಿ, ಒಮ್ಮೊಮ್ಮೆ ಗುಲಾಬಿ, ಮುಟ್ಟಿದರೆ ಪೌಡರಿನ ಹಾಗೆ ನುಣುಪು. ಹಿಂದೆ ನಮ್ಮ ಮನೆಗಳಲ್ಲಿ ಗೋಡೆಗೆ ಬಳಿಯುತ್ತಿದ್ದದ್ದು ಇದನ್ನೇ. ಒಣಗಿದ್ದಾಗ ಶೇಡಿ ಎಷ್ಟು ಗಟ್ಟಿ ಅಂದರೆ ಪಿಕಾಸಿ ಬಡಿದು ಎಬ್ಬಿಸಬೇಕು. ನೀರು ಕುಡಿಯಿತೋ, ಮುಗಿಯಿತು, ಬೆಣ್ಣೆ. ಮುರಕಲ್ಲಿನ ಮೂಲಕ ಇಳಿದ ನೀರು ಶೇಡಿಯ ಹತ್ತಿರ ಬಂದು ಬೇಗ ಇಳಿಯಲಾಗದೆ ನಿಲ್ಲುತ್ತದೆ, ಮಣ್ಣಿನ ಕಣಗಳ ನಡುವೆ ಸೇರಿ ಅವನ್ನು ಒಂದರಿಂದ ಇನ್ನೊಂದು ದೂರ ತಳ್ಳುತ್ತದೆ. ಮೇಲೆ ಟನ್‌ಗಟ್ಟಲೆ ಮುರಕಲ್ಲಿನ ಭಾರ, ಕೆಳಗೆ ಬೆಣ್ಣೆ. ಗುಡ್ಡ ತನ್ನ ಪಾಡಿಗೆ ಇಳಿಜಾರಾಗಿ ಇರುವಾಗ ಬುಡದ ಮಣ್ಣು ಇದನ್ನೆಲ್ಲ ತಡೆದು ಹಿಡಿದಿರುತ್ತದೆ. ನಾವು ಹಿಟಾಚಿ ತಂದು ಆ ಬುಡವನ್ನೇ ತೆಗೆಯುತ್ತೇವೆ. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಹತ್ತಿರ ಮಳೆ ಬೀಳುವ ಜಿಲ್ಲೆಯಲ್ಲಿ. ಇದನ್ನು ಬೀಳಿಸಲು ಭೂಕಂಪ ಬೇಕಾ ಮಾರಾಯ್ರೆ?

ಹಳಬರಿಗೆ ಈ ಸಿದ್ಧಾಂತ ಗೊತ್ತಿರಲಿಲ್ಲ, ಅಭ್ಯಾಸ ಗೊತ್ತಿತ್ತು. ಗದ್ದೆಯನ್ನು ಬೈಲು, ಮಜಲು, ಬೆಟ್ಟು ಅಂತ ಮೆಟ್ಟಿಲು ಮೆಟ್ಟಿಲಾಗಿ ಏರಿಸಿದರು. ಮನೆಯ ಹಿಂದೆ ದರೆ ಇದ್ದರೆ ಅದಕ್ಕೂ ಮೆಟ್ಟಿಲು ಬಿಟ್ಟರು. ಮೇಲೆ, ಗುಡ್ಡದ ನೀರು ದರೆಗೆ ಬರುವ ಮೊದಲೇ ಅಡ್ಡ ಹಿಡಿದು ಪಕ್ಕದ ತೋಡಿಗೆ ಬಿಡುವ ಕಣಿ ತೋಡಿದರು. ಮೇ ತಿಂಗಳ ಕೊನೆಗೆ ಕಣಿಯ ತರಗೆಲೆ, ಮಣ್ಣು ತೆಗೆಯುವುದು ಮನೆಯ ಗಂಡು ಮಕ್ಕಳ ಕೆಲಸ. ನಾನು ಹೈಸ್ಕೂಲಿನಲ್ಲಿದ್ದಾಗ ಬೈದುಕೊಂಡು ಮಾಡಿದ ಕೆಲಸ.

ಇನ್ನು ನನ್ನ ಮನೆಯ ಕಥೆ ಹೇಳಲೇಬೇಕು. ಹೇಳದೆ ಇಷ್ಟು ಮಾತಾಡಿದರೆ ನಾನೂ ಫಾರ್ವರ್ಡ್ ಮಾಡುವವನೇ.

ನಮ್ಮ ಊರು ಕಾರ್ಕಳ ತಾಲ್ಲೂಕಿನಲ್ಲಿ, ಘಟ್ಟದ ಬುಡದಲ್ಲಿ. 2017ರಲ್ಲಿ ನಾನು ಬೆಂಗಳೂರಿನಲ್ಲಿದ್ದೆ, ಮೊದಲ ಕಾರು ತೆಗೆದುಕೊಂಡೆ. ಕಾರು ಅಂಗಳದವರೆಗೆ ಬರುತ್ತಿತ್ತು, ತಿರುಗಿಸಲು ಜಾಗ ಇರಲಿಲ್ಲ. ನೂರು ಮೀಟರ್ ರಿವರ್ಸ್ ಹೋಗಬೇಕಿತ್ತು. ಹಾಗಾಗಿ ಮನೆಯ ಹಿಂದಿನ ದರೆ ಕಡಿದು ಜಾಗ ಅಗಲ ಮಾಡುವ ತೀರ್ಮಾನ ಆಯಿತು. ತೀರ್ಮಾನ ಅಂದರೆ, ನಾನು ಫೋನಿನಲ್ಲಿ ಹೇಳಿದೆ, ದುಡ್ಡು ಕಳಿಸಿದೆ. ಅಪ್ಪ ಅಂದದ್ದು ಇವತ್ತಿಗೂ ಕಿವಿಯಲ್ಲಿದೆ.

“ನಡುವಲ್ಲಿ ಒಂದು ಮೆಟ್ಟಿಲು ಬಿಡುವ ಮಗ, ಪೂರ ನೆಟ್ಟಗೆ ಬೇಡ.”

“ಮೆಟ್ಟಿಲು ಬಿಟ್ರೆ ಜಾಗ ಎಲ್ಲಿ ಉಳೀತದೆ ಅಪ್ಪ? ಅಷ್ಟು ಖರ್ಚು ಮಾಡಿ ಎಂತ ಪ್ರಯೋಜನ?”

ಅಪ್ಪ ಮತ್ತೆ ಮಾತಾಡಲಿಲ್ಲ. ದುಡ್ಡು ನನ್ನದಾಗಿತ್ತಲ್ಲ.

ಹಿಟಾಚಿ ಬಂತು, ಎರಡು ದಿನದಲ್ಲಿ ಹದಿನೆಂಟು ಅಡಿ ಎತ್ತರದ ಗೋಡೆ ತಯಾರು. ಮೇಲಿನ ಆರೇಳು ಅಡಿ ಮುರಕಲ್ಲು, ಕೆಳಗೆಲ್ಲ ಬಿಳಿ ಶೇಡಿ. ಹಿಟಾಚಿಯವನು ಕೈಯಿಂದ ತಟ್ಟಿ, “ಒಳ್ಳೆ ಗಟ್ಟಿ ಉಂಟು, ಕಾಂಕ್ರೀಟ್ ಇದ್ದ ಹಾಗೆ” ಅಂದನಂತೆ. ಅದು ಮಾರ್ಚ್ ತಿಂಗಳು, ಗಟ್ಟಿಯೇ ಇರುತ್ತದೆ. ಮೇಲಿದ್ದ ಹಳೆಯ ಕಣಿ ಅರ್ಧ ಕಡಿದುಹೋಗಿತ್ತು, ಉಳಿದರ್ಧಕ್ಕೆ ಕೊನೆಯೇ ಇಲ್ಲದೆ ನೀರು ಸೀದಾ ದರೆಯ ತಲೆಗೆ ಬಂದು ನಿಲ್ಲುವ ಹಾಗಾಗಿತ್ತು. ಅದನ್ನು ಯಾರೂ ನೋಡಲಿಲ್ಲ. ಚೌತಿಗೆ ಊರಿಗೆ ಹೋದ ನಾನು ಕಾರು ಒಂದೇ ಸಲಕ್ಕೆ ತಿರುಗಿಸಿ ಖುಷಿಪಟ್ಟೆ.

ಆ ವರ್ಷದ ಮಳೆ ದಾಟಿತು. ಮರುವರ್ಷ, 2018ರ ಆಗಸ್ಟ್, ಕೊಡಗು ಟಿವಿಯಲ್ಲಿ ಕುಸಿಯುತ್ತಿದ್ದ ವಾರದಲ್ಲೇ ಒಂದು ಬೆಳಿಗ್ಗೆ ನಮ್ಮ ದರೆ ಬಂತು. ಬಿದ್ದದ್ದು ಹಟ್ಟಿಯ ಮೇಲೆ. ಅಮ್ಮ ಹಾಲು ಕರೆದು ಚೊಂಬು ಹಿಡಿದು ಅಡುಗೆಮನೆಗೆ ಬಂದು ಹತ್ತು ನಿಮಿಷ ಆಗಿತ್ತಷ್ಟೆ. ದನ ಹೇಗೋ ಹಗ್ಗ ಹರಿದುಕೊಂಡು ಹೊರಗೆ ಬಂದಿತ್ತು. ಕರು ಉಳಿಯಲಿಲ್ಲ. ನಾನು ರಾತ್ರಿ ಬಸ್ ಹತ್ತಿ ಮರುದಿನ ಮುಟ್ಟಿದಾಗ ಅಂಗಳದ ತುಂಬ ಬಿಳಿ ಕೆಸರು, ಗೋಡೆಗೆ ಬಳಿಯುವ ಅದೇ ಬಣ್ಣ. ಅಮ್ಮ ಏನೂ ಹೇಳಲಿಲ್ಲ, ಚಾ ಕೊಟ್ಟರು. ಚೊಂಬು ಹಿಡಿದ ಕೈ ನೋಡಲು ನನಗಾಗಲಿಲ್ಲ.

ನೋಡಲು ಬಂದ ನೆಂಟರು, ನೆರೆಯವರೆಲ್ಲ ಟಿವಿ ನೋಡಿಯೇ ಬಂದವರು. “ಕೊಡಗಲ್ಲಿ ಭೂಮಿ ನಡುಗಿದ್ದು ಇಲ್ಲಿವರೆಗೆ ಬಂದಿದೆ ಕಾಣ್ತದೆ” ಅಂತ ಯಾರೋ ಅಂದರು. ಇನ್ನೊಬ್ಬರು, “ಹೌದು, ಮೊನ್ನೆ ರಾತ್ರಿ ನನಗೂ ಮಂಚ ಅಲ್ಲಾಡಿದ ಹಾಗಾಯ್ತು” ಅಂದರು. ಅಪ್ಪ ಒಮ್ಮೆ ನನ್ನ ಮುಖ ನೋಡಿದರು, ಆಮೇಲೆ ಅವರ ಕಡೆ ತಿರುಗಿ “ಹೌದು, ಹಾಗೇ ಇರಬೇಕು” ಅಂದರು. ಮಗನ ಮಾನ ಉಳಿಸಲು ಹೇಳಿದ ಮಾತು ಅದು. ನಾನು ತಲೆಯಾಡಿಸಿದೆ. ಬಿಇ ಓದಿದವನು ತಲೆಯಾಡಿಸಿದ್ದು ನೋಡಿ ಊರಿಗೆ ಗ್ಯಾರಂಟಿ ಆಯಿತು.

ನನ್ನ ಸಿಟ್ಟು ಎಲ್ಲಿಂದ ಬರುತ್ತಿದೆ ಅಂತ ಈಗ ನಿಮಗೆ ಅರ್ಥ ಆಗಿರಬೇಕು.

“ಹಾಗಾದ್ರೆ ಹಳ್ಳಿಯವರಿಗೆ ರಸ್ತೆ ಬೇಡವಾ, ಅಭಿವೃದ್ಧಿ ಬೇಡವಾ” ಅಂತ ಕೇಳುವವರಿದ್ದಾರೆ. ಬೇಕು ಸ್ವಾಮಿ. ನನ್ನ ಊರಿನಿಂದ ಹೆರಿಗೆಗೆ ಹೆಂಗಸರನ್ನು ಜೀಪಿನಲ್ಲಿ ಕುಲುಕಿಸಿಕೊಂಡು ಹೋದ ಕಾಲ ನನಗೆ ನೆನಪುಂಟು. ಕಸ್ತೂರಿರಂಗನ್ ವರದಿ ಬಂದಾಗ ನನ್ನಪ್ಪನೂ ಪ್ರತಿಭಟನೆಗೆ ಹೋದವರೇ, ಹಳೆಯ ಮನೆಯ ಮಾಡು ರಿಪೇರಿಗೂ ಪರ್ಮಿಷನ್ ಕೇಳಬೇಕಾಗುತ್ತದೆ ಅಂತ ಹೆದರಿ. ಅವರ ಹೆದರಿಕೆಗೆ ಕಾರಣ ಇತ್ತು, ಯಾರೂ ಬಂದು ಅವರ ಭಾಷೆಯಲ್ಲಿ ಕೂತು ಮಾತಾಡಿರಲಿಲ್ಲ. ಆದರೆ ರಸ್ತೆ ಬೇಕು ಅಂದರೆ ಗುಡ್ಡವನ್ನು ಕೇಕ್ ಕಡಿದ ಹಾಗೆ ಕಡಿಯಬೇಕು ಅಂತ ಎಲ್ಲಿ ಬರೆದಿದೆ? ಇಳಿಜಾರು ಕೊಡಬೇಕು, ಮೆಟ್ಟಿಲು ಬಿಡಬೇಕು, ಮೇಲೆ ಚರಂಡಿ ಮಾಡಬೇಕು, ತಡೆಗೋಡೆಯಲ್ಲಿ ನೀರು ಹೊರಬರಲು ತೂತು ಇಡಬೇಕು. ಇದೆಲ್ಲ ಸಿವಿಲ್ ಇಂಜಿನಿಯರಿಂಗಿನ ಪಾಠದಲ್ಲೇ ಇದೆ. ಇಳಿಜಾರು ಕೊಡಲು ಹೆಚ್ಚು ಜಾಗ ಬೇಕು, ಜಾಗಕ್ಕೆ ಹೆಚ್ಚು ದುಡ್ಡು ಬೇಕು, ಅಷ್ಟೇ ವಿಷಯ. ನಾನು ಅಪ್ಪನಿಗೆ ಹೇಳಿದ್ದೂ ಅದನ್ನೇ ಅಲ್ಲವಾ.

2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿ 66ರ ಬದಿಯ ಗುಡ್ಡ ಬಂತು. ರಸ್ತೆ ಬದಿಯ ಚಾ ಅಂಗಡಿಯನ್ನು, ಅದರಲ್ಲಿದ್ದ ಮನೆಯವರನ್ನು, ಚಾ ಕುಡಿಯಲು ನಿಂತವರನ್ನು, ಲಾರಿಗಳನ್ನು ತೆಗೆದುಕೊಂಡು ಗಂಗಾವಳಿಗೆ ಹೋಯಿತು. ಕೇರಳದ ಲಾರಿಯವನ ಹುಡುಕಾಟ ಎರಡು ತಿಂಗಳು ದಾಟಿ ನಡೆಯಿತು. ಸೆಪ್ಟೆಂಬರ್ 25ರಂದು ಲಾರಿ ನದಿಯಿಂದ ಮೇಲೆ ಬಂತು, ಒಳಗೆ ಅವನಿದ್ದ. ಅದರ ಮರುದಿನ ನಮ್ಮ ಸಚಿವ ಸಂಪುಟ ಸೇರಿ ಕಸ್ತೂರಿರಂಗನ್ ವರದಿ ಬೇಡ ಅಂತ ತೀರ್ಮಾನಿಸಿತು. ವರದಿ ಬೇಡ ಅನ್ನಲಿ, ಅದು ಬೇರೆ ಚರ್ಚೆ. ಅದರ ಬದಲು ಏನು, ಗುಡ್ಡ ಎಷ್ಟು ಕಡಿಯಬಹುದು, ಯಾರು ನೋಡುತ್ತಾರೆ, ಇದಕ್ಕೆ ಉತ್ತರ ಬೇಕಿತ್ತು.

2025ರ ಮೇ 30ರಂದು ಮಂಗಳೂರಿನ ಹತ್ತಿರ ಮಂಜನಾಡಿಯಲ್ಲಿ ಮನೆಯ ಮೇಲೆ ಗುಡ್ಡ ಬಿದ್ದು ಅಜ್ಜಿ ಮತ್ತು ಇಬ್ಬರು ಪುಟ್ಟ ಮೊಮ್ಮಕ್ಕಳು ಹೋದರು. ಮೇ ತಿಂಗಳು, ಮಳೆ ಆಗಷ್ಟೇ ಶುರುವಾಗಿತ್ತು.

ನಮ್ಮಲ್ಲಿ ಮನೆ ಕಟ್ಟಬೇಕಾದರೆ ಕನ್ವರ್ಷನ್ ಬೇಕು, ನೈನ್ ಇಲೆವನ್ ಬೇಕು, ಹತ್ತು ಸೀಲು ಬೇಕು. ಹಟ್ಟಿ ಬಿದ್ದ ಮೇಲೆ ಹೊಸದು ಕಟ್ಟಲು ನಾನೇ ಓಡಾಡಿದ್ದೇನೆ. ಯಾವ ಮೇಜಿನಲ್ಲೂ ಒಬ್ಬರೂ ‘ಹಿಂದೆ ದರೆ ಉಂಟಾ, ಎಷ್ಟು ಎತ್ತರ, ನೀರು ಎಲ್ಲಿಗೆ ಹೋಗ್ತದೆ’ ಅಂತ ಕೇಳಲಿಲ್ಲ. ಕಂದಾಯ ರಶೀದಿ ಕೇಳಿದರು. ಈಗ ನಾನು ಫ್ಲ್ಯಾಟ್ ಹುಡುಕುತ್ತಿದ್ದೇನೆ. ಸೇಲ್ಸ್‌ನವರನ್ನು ಅದೇ ಪ್ರಶ್ನೆ ಕೇಳಿದೆ. ಹಿಂದಿನ ಗುಡ್ಡ ಎಷ್ಟು ಡಿಗ್ರಿಗೆ ಕಡಿದಿದ್ದೀರಿ, ಮಣ್ಣು ಪರೀಕ್ಷೆಯ ವರದಿ ತೋರಿಸಿ ಅಂದೆ. ಹುಡುಗ ಪಾಪ, ಜಿಮ್ ಎಲ್ಲಿ ಬರುತ್ತದೆ ಅಂತ ತೋರಿಸಿದ. ನನ್ನ ಮೊದಲು ಯಾರಾದರೂ ಕೇಳಿದ್ದಾರಾ ಅಂತ ವಿಚಾರಿಸಿದರೆ, “ಇಲ್ಲ ಸರ್, ಎಲ್ಲ ಪಾರ್ಕಿಂಗ್ ಕೇಳ್ತಾರೆ” ಅಂದ. ಎಂಬತ್ತು ಲಕ್ಷ ಸಾಲ ಮಾಡುವ ನಾವು, ನೂರು ರೂಪಾಯಿಯ ಚಾರ್ಜರ್‌ಗೆ ಇಪ್ಪತ್ತು ರಿವ್ಯೂ ಓದುವ ನಾವು, ಮನೆ ನಿಂತ ಮಣ್ಣಿನ ಬಗ್ಗೆ ಒಂದು ಪ್ರಶ್ನೆ ಕೇಳುವುದಿಲ್ಲ. ಕೇಳಿದರೆ ಅವರು ವರದಿ ಇಟ್ಟುಕೊಳ್ಳುತ್ತಾರೆ. ಹತ್ತು ಜನ ಕೇಳಿ ವಾಪಸ್ ಬಂದರೆ ಮೆಟ್ಟಿಲೂ ಬಿಡುತ್ತಾರೆ. ಹೋಂಸ್ಟೇಯವರಿಗೂ ಇದೇ ಮಾತು.

ಭೂಕಂಪದ ಫಾರ್ವರ್ಡ್ ಮಾಡುವುದರಿಂದ ಆಗುವ ಅನಾಹುತ ಇದು. ಅದು ಬರೀ ತಪ್ಪು ಮಾಹಿತಿ ಅಲ್ಲ, ಅದು ಕಡಿದವನಿಗೂ ಬಿಟ್ಟವನಿಗೂ ಕೊಂಡವನಿಗೂ ಒಟ್ಟಿಗೆ ಕೊಡುವ ಕ್ಲೀನ್ ಚಿಟ್. ಇದು ಯಾವ ಮಟ್ಟಕ್ಕೆ ಮುಟ್ಟುತ್ತದೆ ಅಂತ ನನಗೆ ಗೊತ್ತಾದದ್ದು ಈ ಏಪ್ರಿಲ್‌ನಲ್ಲಿ.

ವಿಷು ಕಳೆದ ಭಾನುವಾರ ಊರಿಗೆ ಹೋಗಿದ್ದೆ. ನಮ್ಮ ಮನೆಯಿಂದ ಎರಡು ಗದ್ದೆ ಆಚೆ ಹಿಟಾಚಿ ಸದ್ದು. ನೆರೆಮನೆಯ ಅಣ್ಣ, ನನಗಿಂತ ಐದಾರು ವರ್ಷ ದೊಡ್ಡವರು, ಮಗಳ ಮದುವೆಗೆ ಚಪ್ಪರ ಹಾಕಲು ಅಂಗಳ ಅಗಲ ಮಾಡಿಸುತ್ತಿದ್ದರು. ಹಿಂದಿನ ದರೆ ಆಗಲೇ ಹದಿನೈದು ಅಡಿ ನೆಟ್ಟಗೆ ನಿಂತಿತ್ತು. ಕೆಳಗಿನ ಅರ್ಧ ಬಿಳಿ.

“ಅಣ್ಣ, ಇದು ಡೇಂಜರ್. ಮೆಟ್ಟಿಲು ಬಿಡಿಸಿ. ಮೇಲಿನ ಕಣಿ ಎಲ್ಲಿಗೆ ಹೋಯ್ತು?” ಅಂದೆ.

ಅವರು ನಕ್ಕರು. “ಎಂತ ಆಗುದಿಲ್ಲ ಮಾರಾಯ. ನಿಮ್ಮದು ಬಿದ್ದದ್ದು ಭೂಕಂಪಕ್ಕೆ ಅಲ್ವಾ? ದರೆಯದ್ದೆಂತ ತಪ್ಪು ಅದರಲ್ಲಿ. ನೀನೇ ಹೇಳಿದ್ದಲ್ವಾ ಆವತ್ತು.”

ಹಿಟಾಚಿಯ ಸದ್ದಿನಲ್ಲಿ ನಾನು ಜೋರಾಗಿ ಹೇಳಬೇಕಾಯಿತು. ಭೂಕಂಪ ಅಲ್ಲ, ನಾನು ಕಡಿಸಿದ್ದಕ್ಕೆ ಬಿದ್ದದ್ದು, ಅಪ್ಪ ಬೇಡ ಅಂದಿದ್ದರು, ಆವತ್ತು ನಾನು ಸುಳ್ಳು ಹೇಳಿದ್ದು. ಡ್ರೈವರ್ ಇಂಜಿನ್ ಬಂದ್ ಮಾಡಿ ನಮ್ಮನ್ನೇ ನೋಡುತ್ತಿದ್ದ. ಅಣ್ಣನ ಮುಖದಲ್ಲಿ ನಗು ಹೋಯಿತು. ಅವರು ದರೆಯ ಕಡೆ ನೋಡಿದರು, ಆಮೇಲೆ ಹಿಟಾಚಿಯ ಕಡೆ, ಗಂಟೆಯ ಬಾಡಿಗೆ ಲೆಕ್ಕ ಹಾಕುತ್ತಿದ್ದಿರಬೇಕು.

“ಈಗ ಮೆಟ್ಟಿಲು ಬಿಡ್ಬೇಕಂದ್ರೆ ಮೇಲಿಂದ ಎಷ್ಟು ತೆಗೀಬೇಕು?” ಅಂತ ಕೇಳಿದರು.

ಹಿಟಾಚಿ ಆವತ್ತು ಸಂಜೆಯವರೆಗೆ ಮೇಲೆ ಕೆಲಸ ಮಾಡಿತು. ಒಂದು ಮೆಟ್ಟಿಲು ಆಯಿತು, ಎರಡು ಬೇಕಿತ್ತು. ಮದುವೆ ಮೇ ತಿಂಗಳಲ್ಲಿ ಮುಗಿಯಿತು. ಜೂನ್ ಮೊದಲ ವಾರ ನಾನೂ ಅವರೂ ಸೇರಿ ಮೇಲಿನ ಕಣಿ ತೋಡಿದೆವು, ಅಂಗೈ ಇನ್ನೂ ಉರಿಯುತ್ತಿದೆ. ಹೊರಗೆ ಇವತ್ತು ಬೆಳಿಗ್ಗೆಯಿಂದ ಬಿಡದೆ ಮಳೆ, ಆರೆಂಜ್ ಅಲರ್ಟ್ ಅಂತೆ. ಅರ್ಧ ಗಂಟೆಯ ಹಿಂದೆ ಅಪ್ಪನಿಗೆ ಫೋನ್ ಮಾಡಿದೆ, ಕಣಿಯಲ್ಲಿ ನೀರು ಹೋಗ್ತಾ ಉಂಟಾ ಅಂತ ಕೇಳಿದೆ. ಟಾರ್ಚ್ ಹಿಡಿದು ನೋಡಿ ಬರ್ತೇನೆ ಅಂದಿದ್ದಾರೆ.